ಬಾಲ್ಯದ ಭಯ ಇನ್ನೂ ಬಿಡದೆ ಇರೋರಿಗೆ ಕೌನ್ಸೆಲಿಂಗ್: ಒಂದು ಆ್ಯಪ್, 14416, ಜಿಲ್ಲಾಸ್ಪತ್ರೆ, ಮೂರರದ್ದೂ ರಿವ್ಯೂ

ಪೂರ್ತಿ ಓದೋಕೆ ಟೈಮ್ ಇಲ್ದೋರಿಗೆ ಮೊದ್ಲೇ ಹೇಳ್ಬಿಡ್ತೀನಿ. ಚಿಕ್ಕೋರಿದ್ದಾಗ ಮನೇಲಿ ಕುಡಿತ, ಹೊಡೆತ, ಜಗಳ ನೋಡ್ಕೊಂಡು ಬೆಳೆದು, ಈಗ ಮೂವತ್ತೈದು ನಲವತ್ತರ ವಯಸ್ಸಲ್ಲಿ ಅದರ ಕಾಟ ಅನುಭವಿಸ್ತಾ ಇದ್ರೆ, ಆ್ಯಪ್‌ಗೆ ದುಡ್ಡು ಕಟ್ಟೋಕೆ ಮುಂಚೆ ಸರ್ಕಾರದ ಮಾನಸಿಕ ಆರೋಗ್ಯ ಹೆಲ್ಪ್‌ಲೈನ್ ಟೆಲಿ ಮಾನಸ್‌ನ 14416ಕ್ಕೆ ಒಂದು ಫೋನ್ ಮಾಡಿ, ಆಮೇಲೆ ನಿಮ್ಮ ಜಿಲ್ಲಾಸ್ಪತ್ರೆ ಮಾನಸಿಕ ವಿಭಾಗದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಇದಾರಾ ಅಂತ ವಿಚಾರಿಸಿ. ಮೂರನ್ನೂ ನಾನು ಬಳಸಿದೀನಿ. ಆ್ಯಪ್ ಹೆಸರು ಬರೆಯಲ್ಲ, ಆಸ್ಪತ್ರೆ ಯಾವ ಜಿಲ್ಲೆದು ಅಂತಾನೂ ಬರೆಯಲ್ಲ, ಯಾಕಂದ್ರೆ ಅಲ್ಲಿ ನನ್ನ ಫೈಲ್ ಇದೆ. ಕೆಲಸ ಹೆಂಗೆ ಮಾಡ್ತಾರೆ ಅನ್ನೋದನ್ನ ಮಾತ್ರ ಬಿಡಿಸಿ ಹೇಳ್ತೀನಿ, ಅಷ್ಟಿದ್ರೆ ನಿಮ್ಮೂರಲ್ಲಿ ಇರೋದನ್ನ ನೀವೇ ಅಳೆದು ನೋಡ್ಬೋದು.

ಯಾವ ಸರ್ವೀಸು ಯಾರಿಗೆ ಹೊಂದತ್ತೆ ಅನ್ನೋದು ಅವರವರ ಕಥೆ ಮೇಲೆ ಹೋಗತ್ತೆ, ಅದಕ್ಕೆ ನನ್ನದು ಸ್ವಲ್ಪ. ನಾನು ಚನ್ನರಾಯಪಟ್ಟಣ ಕಡೆ ಹಳ್ಳಿಯವನು. ಅಪ್ಪ ಕುಡೀತಿದ್ರು. ಅದು ಸಾರಾಯಿ ಪ್ಯಾಕೆಟ್ ಕಾಲ, ಸರ್ಕಾರ ಸಾರಾಯಿ ಬಂದ್ ಮಾಡಿದ್ದು 2007ರ ಜುಲೈನಲ್ಲಿ, ಅಷ್ಟೊತ್ತಿಗೆ ನಾನು ಊರು ಬಿಟ್ಟಾಗಿತ್ತು. ರಾತ್ರಿ ಅಪ್ಪ ಬಂದಾಗ ಬಾಗಿಲ ಚಿಲಕದ ಸದ್ದಲ್ಲೇ ಇವತ್ತು ಹೆಂಗಿರತ್ತೆ ಅಂತ ನನಗೂ ತಂಗಿಗೂ ಗೊತ್ತಾಗಿಬಿಡ್ತಿತ್ತು, ಒಂದೇ ಸಲಕ್ಕೆ ಸರಕ್ ಅಂತ ತೆಗೆದ್ರೆ ಪರವಾಗಿಲ್ಲ, ಎರಡು ಮೂರು ಸಲ ತಡಕಾಡಿದ್ರೆ ಪುಸ್ತಕ ಮುಚ್ಚಿಟ್ಟು ನಿದ್ದೆ ಬಂದೋರ ಥರ ಮುಸುಕು ಹಾಕ್ಕೊಂಡು ಮಲಗ್ಬೇಕು. ಅಪ್ಪ ತೀರ್ಕೊಂಡು ವರ್ಷಗಳಾಯ್ತು, ಆದ್ರೆ ಈಗಲೂ ಪಕ್ಕದ ಫ್ಲ್ಯಾಟಿನೋರು ರಾತ್ರಿ ಹೊತ್ತು ಬೀಗಕ್ಕೆ ಕೀ ಹಾಕೋಕೆ ತಡಕಾಡಿದ್ರೆ ನನ್ನ ಹೊಟ್ಟೆ ಕಲ್ಲಾಗತ್ತೆ. ಹೆಂಡತಿ ಸ್ವಲ್ಪ ಜೋರಾಗಿ ಮಾತಾಡಿದ್ರೆ ಸಿಟ್ಟು ಬರಲ್ಲ ನನಗೆ, ಬಾಯಿ ಕಟ್ಟತ್ತೆ, ಒಂದೊಂದ್ಸಲ ಎರಡೆರಡು ದಿನ ಮಾತೇ ಹೊರಡಲ್ಲ. ಮ್ಯಾನೇಜರ್ 'ಫ್ರೀ ಇದ್ರೆ ಕಾಲ್ ಮಾಡಿ' ಅಂತ ಒಂದು ಮೆಸೇಜ್ ಹಾಕಿದ್ರೆ ಆ ಕಾಲ್ ಮುಗಿಯೋ ತನಕ ಊಟ ಸೇರಲ್ಲ. ಮಗಳು ಲೋಟ ಕೆಡವಿ, ಬೈತಾರೇನೋ ಅಂತ ನನ್ನ ಮುಖ ನೋಡ್ತಾಳಲ್ಲ, ಅದನ್ನ ಕಂಡ ಮೇಲೆ ಇನ್ನು ಸುಮ್ನಿರಬಾರದು ಅನ್ನಿಸ್ತು.

ಮೊದ್ಲು ಆ್ಯಪ್. ಇನ್‌ಸ್ಟಾಲ್ ಮಾಡಿದ ತಕ್ಷಣ ಹತ್ತು ಪ್ರಶ್ನೆ ಬಂತು. ಹದಿನೆಂಟು ವರ್ಷ ತುಂಬೋಕೆ ಮುಂಚೆ ಮನೇಲಿ ಯಾರಾದ್ರೂ ಹೊಡೀತಿದ್ರಾ, ಯಾರಾದ್ರೂ ಕುಡೀತಿದ್ರಾ, ತಾಯಿಗೆ ಹೊಡೆಯೋದನ್ನ ನೋಡಿದೀರಾ, ಹಿಂಗೆ. ಹೌದು ಇಲ್ಲ ಒತ್ತುತ್ತಾ ಹೋದೆ, ಕೊನೇಲಿ ಕೆಂಪು ಬಣ್ಣದಲ್ಲಿ ಒಂದು ನಂಬರ್, ಅದರ ಕೆಳಗೆ 'ಹೈ ರಿಸ್ಕ್', ಅದರ ಕೆಳಗೇ ಮೂರು ತಿಂಗಳ ಪ್ಯಾಕೇಜ್. ರಾತ್ರಿ ಹನ್ನೊಂದು ಗಂಟೇಲಿ ಒಬ್ಬನೇ ಕೂತು ಅದನ್ನ ನೋಡೋ ಮನುಷ್ಯನಿಗೆ ಏನಾಗ್ಬೋದು ಅಂತ ಅದನ್ನ ಮಾಡ್ದೋರು ಯೋಚನೆ ಮಾಡಿಲ್ಲ ಅಂತ ನನಗೆ ಇವತ್ತಿಗೂ ಬೇಜಾರಿದೆ. ನನಗೆ ಅನ್ನಿಸಿದ್ದು ಒಂದೇ, ಅಂದ್ರೆ ನಾನು ಕೆಟ್ಟು ಹೋಗಿರೋ ಮನುಷ್ಯ, ನಂದು ಮುಗೀತು. ದುಡ್ಡು ಕಟ್ಟಿದೆ, ಒಂದು ಸೆಷನ್‌ಗೆ ಸಾವಿರದ ಮೇಲೆ. ಭಾಷೆ ಕನ್ನಡ ಅಂತ ಆಯ್ಕೆ ಮಾಡಿದ್ರೂ ಕೌನ್ಸೆಲರ್ ಎರಡು ವಾಕ್ಯ ಕನ್ನಡ ಮಾತಾಡಿ ಇಂಗ್ಲಿಷ್‌ಗೆ ಹೋಗ್ಬಿಡೋರು. ನಮ್ಮವ್ವನ ವಿಷಯ ಇಂಗ್ಲಿಷಲ್ಲಿ ಹೇಳೋಕೆ ನನಗೆ ಬರಲ್ಲ. ಕಣ್ಣು ಮುಚ್ಚಿ ನಿಮ್ಮೊಳಗಿನ ಮಗುನ ತಬ್ಬಿಕೊಳ್ಳಿ ಅಂದ್ರು, ಕೆಲವರಿಗೆ ಅದು ಒಳ್ಳೇದೇ ಮಾಡಿರ್ಬೋದು, ಆದ್ರೆ ನನ್ನ ಪರಿಚಯ ಆಗಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಅವರ ಕ್ವಾಲಿಫಿಕೇಶನ್ ಕೇಳಿದೆ, 'ವೆಲ್‌ನೆಸ್ ಎಕ್ಸ್‌ಪರ್ಟ್' ಅಂದ್ರು. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕ್ಬೇಕಾದ್ರೆ ಆರ್‌ಸಿಐ, ಅಂದ್ರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ, ಅಲ್ಲಿ ನೋಂದಣಿ ಇರ್ಬೇಕು. ಆ ನಂಬರ್ ಕೇಳೋದು ನಿಮ್ಮ ಹಕ್ಕು, ಕೇಳಿದ್ರೆ ನಿಜವಾಗ್ಲೂ ಓದಿರೋರು ಬೇಜಾರು ಮಾಡ್ಕೊಳಲ್ಲ.

ಆ ಹತ್ತು ಪ್ರಶ್ನೆ ಎಲ್ಲಿಂದ ಬಂತು ಅನ್ನೋದು ಗೊತ್ತಿದ್ರೆ ಕೆಂಪು ನಂಬರ್ ನೋಡಿ ಯಾರೂ ನನ್ನ ಥರ ಹೆದರಲ್ಲ, ಅದಕ್ಕೆ ಇಲ್ಲಿ ಸ್ವಲ್ಪ ನಿಲ್ತೀನಿ. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ಕೈಸರ್ ಪರ್ಮನೆಂಟೆ ಅನ್ನೋ ದೊಡ್ಡ ಆಸ್ಪತ್ರೆ ಸಂಸ್ಥೇಲಿ ವಿನ್ಸೆಂಟ್ ಫೆಲಿಟಿ ಅಂತ ಡಾಕ್ಟರು ತೂಕ ಇಳಿಸೋ ಕ್ಲಿನಿಕ್ ನಡೆಸ್ತಿದ್ರು. ಚೆನ್ನಾಗಿ ತೂಕ ಇಳೀತಾ ಇದ್ದೋರೇ ಅರ್ಧಕ್ಕೆ ಬಿಟ್ಟು ಹೋಗೋರು. ಯಾಕೆ ಅಂತ ಕೂರಿಸಿ ಕೇಳಿದ್ರೆ ಎಷ್ಟೋ ಜನ ಬಾಲ್ಯದಲ್ಲಿ ಆದ ದೌರ್ಜನ್ಯದ ಮಾತು ತೆಗೆದ್ರು. ಆಮೇಲೆ ಅವರು ಮತ್ತೆ ಅಲ್ಲಿನ ಸರ್ಕಾರಿ ಸಂಸ್ಥೆ ಸಿಡಿಸಿಯ ರಾಬರ್ಟ್ ಆಂಡಾ ಸೇರಿ 17,000ಕ್ಕೂ ಹೆಚ್ಚು ಜನರನ್ನ ಕೇಳಿದ್ರು, ಮೊದಲ ವರದಿ ಬಂದಿದ್ದು 1998ರಲ್ಲಿ. ಹೊಡೆತ, ಅವಮಾನ, ತಾಯಿಗೆ ಹೊಡೆಯೋದನ್ನ ನೋಡೋದು, ಮನೇಲಿ ಕುಡಿತ, ಹಿಂಗೆ ನಾಲ್ಕು ಥರದ್ದೋ ಅದಕ್ಕಿಂತ ಜಾಸ್ತಿನೋ ಅನುಭವಿಸಿದೋರಲ್ಲಿ ಖಿನ್ನತೆ, ಕುಡಿತದ ಚಟ, ಆತ್ಮಹತ್ಯೆ ಪ್ರಯತ್ನ ಇವೆಲ್ಲ, ಏನೂ ಅನುಭವಿಸದೇ ಇರೋರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚು ಕಂಡು ಬಂತು. ಇನ್ನೊಂದು ವಿಷಯ ಕೂಡ ಬಂತು, ಅದನ್ನ ಆ್ಯಪ್ ಹೇಳಲ್ಲ: ಹೆಚ್ಚು ಕಡಿಮೆ ಮೂರರಲ್ಲಿ ಇಬ್ಬರಿಗೆ ಒಂದಾದ್ರೂ ಇತ್ತು. ಅದೂ ಕೆಲಸ, ಇನ್ಶೂರೆನ್ಸ್ ಎಲ್ಲ ಇದ್ದ ಮಧ್ಯಮ ವರ್ಗದ ಜನ. ಇಡೀ ಊರಲ್ಲಿ ನಮ್ಮನೇಲಿ ಮಾತ್ರ ಹಿಂಗೆ ಅಂತ ತಲೆ ತಗ್ಗಿಸ್ಕೊಂಡು ಬೆಳೆದ ನಮ್ಮಂಥೋರಿಗೆ ಇದು ಸಣ್ಣ ಮಾತಲ್ಲ.

ಈಗ ಮುಖ್ಯವಾದ್ದು. ಆ ಲೆಕ್ಕ ಜನಸಂಖ್ಯೆಗೆ, ಒಬ್ಬ ಮನುಷ್ಯನಿಗಲ್ಲ. ಅದೇ ರಾಬರ್ಟ್ ಆಂಡಾ 2020ರಲ್ಲಿ ಇನ್ನಿಬ್ಬರ ಜೊತೆ ಸೇರಿ ಬರೆದ್ರು, ಈ ಸ್ಕೋರ್ ಇಟ್ಕೊಂಡು ಒಬ್ಬೊಬ್ಬರ ಹಣೆಬರಹ ಹೇಳೋಕೆ ಹೋಗಬೇಡಿ ಅಂತ. ವರ್ಷಕ್ಕೊಮ್ಮೆ ಏಟು ತಿಂದೋನಿಗೂ ಒಂದು ಅಂಕ, ಹತ್ತು ವರ್ಷ ದಿನಾ ತಿಂದೋನಿಗೂ ಒಂದೇ ಅಂಕ. ಯಾವ ವಯಸ್ಸಲ್ಲಿ ಆಯ್ತು ಅನ್ನೋದಿಲ್ಲ, ಆಗ ಜೊತೇಲಿ ಯಾರಿದ್ರು ಅನ್ನೋದಂತೂ ಇಲ್ವೇ ಇಲ್ಲ. ನಮ್ಮ ಕಡೆ ಮಕ್ಕಳು ಪಡೋ ಪಾಡು ಎಷ್ಟೋ ಅದರಲ್ಲಿ ಸೇರಿಲ್ಲ, ಹಸಿವು ಸೇರಿಲ್ಲ, ಶಾಲೆ ಬಿಡಿಸಿ ಕುರಿ ಕಾಯೋಕೆ ಕಳಿಸೋದು ಸೇರಿಲ್ಲ, ಜಾತಿ ಹೆಸರಿಡಿದು ಹಿಂದಿನ ಬೆಂಚಲ್ಲಿ ಕೂರಿಸೋದು ಸೇರಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಮೇಲೆ ಬೇರೆ ದೇಶಗಳಿಗೆ ಅಂತ ಇನ್ನೊಂದು ಪ್ರಶ್ನಾವಳಿ ಮಾಡ್ತು, ಅದರಲ್ಲಿ ಜೊತೆಯ ಮಕ್ಕಳ ಕಾಟ, ಊರಿನ ಹಿಂಸೆ, ಗಲಭೆ ಇವನ್ನ ಸೇರಿಸಿದಾರೆ. ಆ್ಯಪ್‌ನೋರು ಅದನ್ನಾದ್ರೂ ನೋಡಬಹುದಿತ್ತು.

ಬಾಲ್ಯದ ಕಷ್ಟ ಮೈಗೆ ಹತ್ತಲ್ಲ ಅಂತ ನಾನು ಹೇಳ್ತಾ ಇಲ್ಲ. ಹತ್ತತ್ತೆ. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೇಲಿ, ಅದೇ ಹೋಲ್ಡ್ಸ್‌ವರ್ತ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಸುತ್ತಳತೆ ಬರೆದಿಟ್ಟಿದ್ರು. ಎಷ್ಟೋ ದಶಕ ಆದ ಮೇಲೆ ಆ ಮಕ್ಕಳನ್ನ ಹುಡುಕಿ ಪರೀಕ್ಷೆ ಮಾಡಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದೋರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಾಣಿಸ್ತು, ಮುಂದೆ ಅದೇ ಜನರ ವಯಸ್ಸಾದ ಕಾಲದ ಮನಸ್ಸಿನ ಆರೋಗ್ಯದ ಮೇಲೂ ಅಲ್ಲಿ ಅಧ್ಯಯನ ಮಾಡಿದಾರೆ. ಹುಟ್ಟೋಕೆ ಮುಂಚಿನ ಹಸಿವು ಐವತ್ತನೇ ವಯಸ್ಸಲ್ಲಿ ಎದೇಲಿ ಕಾಣತ್ತೆ ಅಂದ್ರೆ, ಎಂಟು ವರ್ಷ ದಿನಾ ರಾತ್ರಿ ಕಿವಿ ಬಾಗಿಲಿಗೆ ಕೊಟ್ಟು ಮಲಗಿದ ಹುಡುಗನ ಮೈ ಅದನ್ನ ಹೆಂಗೆ ಮರೆಯತ್ತೆ ಹೇಳಿ.

ಇನ್ನು 14416. 2022ರ ಅಕ್ಟೋಬರ್ 10ಕ್ಕೆ ಶುರುವಾದ ಸರ್ಕಾರದ ಸೇವೆ, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ಟೆಕ್ನಾಲಜಿ ಕೆಲಸ ಬೆಂಗಳೂರಿನ ಐಐಐಟಿದು. ಒಂದು ರೂಪಾಯಿ ಇಲ್ಲ, ಇಪ್ಪತ್ನಾಲ್ಕು ಗಂಟೆ ಇರತ್ತೆ, 20 ಭಾಷೆಲಿ ಮಾತಾಡ್ಬೋದು. ಊಟ ಆದ್ಮೇಲೆ ತಾರಸಿಗೆ ಹೋಗಿ ಮಾಡಿದೆ. ಕನ್ನಡ ಒತ್ತಿದೆ, ಎತ್ತಿದ ಹುಡುಗ ಉತ್ತರ ಕರ್ನಾಟಕದವನು, 'ಹೇಳ್ರಿ ಸರ, ಕೇಳಾಕತ್ತೀನಿ' ಅಂದ. ನಾನು ಹೇಳೋಕೆ ಶುರು ಮಾಡಿ ಮಧ್ಯ ನಿಂತ್ಬಿಟ್ಟೆ, ಆ ಕಡೆಯಿಂದ ಏನೂ ಅವಸರ ಇಲ್ಲ, ಆ ಹುಡುಗ ಸುಮ್ನೆ ಕಾದ. ಆಮೇಲೆ ಎರಡು ವಿಷಯ ನೇರವಾಗಿ ಕೇಳಿದ, ಸಾಯಬೇಕು ಅನ್ನೋ ಯೋಚನೆ ಬರ್ತಾ ಇದೆಯಾ, ಈಗ ಮನೇಲಿ ಯಾರಾದ್ರೂ ಯಾರಿಗಾದ್ರೂ ಹೊಡೀತಾ ಇದಾರಾ. ಎರಡೂ ಇಲ್ಲ ಅಂದ ಮೇಲೆ ನಿದ್ದೆ, ಊಟ, ಕೆಲಸ ಕೇಳಿ, ಇದು ಫೋನಲ್ಲಿ ಮುಗಿಯೋ ವಿಷಯ ಅಲ್ಲ, ನಿಮ್ಮ ಜಿಲ್ಲಾಸ್ಪತ್ರೇಲಿ ಎದುರಿಗೆ ಕೂತು ಮಾತಾಡಿ ಅಂತ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬಗ್ಗೆ ಹೇಳಿದ. ಕೆಂಪು ನಂಬರ್ ಇಲ್ಲ, ಪ್ಯಾಕೇಜ್ ಇಲ್ಲ. ಹೆಲ್ಪ್‌ಲೈನ್ ಅಂದ್ರೆ ಅದರ ಕೆಲಸ ಅಷ್ಟೇ, ವಾರ ವಾರ ಕೂತು ಹಳೇದನ್ನ ಬಿಡಿಸಿ ನೋಡೋ ಜಾಗ ಅಲ್ಲ, ಸರಿಯಾದ ಬಾಗಿಲು ತೋರ್ಸೋದು. ಅದನ್ನ ಇಷ್ಟು ಮರ್ಯಾದೆಯಿಂದ ಮಾಡ್ತಾರೆ ಅಂತ ನಾನು ಅಂದ್ಕೊಂಡಿರಲಿಲ್ಲ. 2024ರಿಂದ ಇವರದ್ದೇ ಆ್ಯಪ್ ಕೂಡ ಬಂದಿದೆ, ಕರ್ನಾಟಕದಲ್ಲಿ ಮೊದಲ ಹಂತದಲ್ಲೇ ವಿಡಿಯೋ ಕಾಲ್ ಕೊಟ್ರು. ನಾನು ಫೋನ್ ಮಾತ್ರ ಬಳಸಿದ್ದು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅನ್ನೋದು ಹುಟ್ಟಿದ್ದೇ ನಮ್ಮ ಬಳ್ಳಾರೀಲಿ, ಇದು ನಮ್ಮೋರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. 80ರ ದಶಕದಲ್ಲಿ ನಿಮ್ಹಾನ್ಸ್‌ನೋರು ಅಲ್ಲಿನ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ಟ್ರೈನಿಂಗ್ ಕೊಟ್ಟು ಮಾಡಿ ತೋರಿಸಿದ್ರು, ಆ ಮಾದರಿ ಮೇಲೆ 1996ರಲ್ಲಿ ದೇಶದ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಬೇರೆ ಕಡೆಗೂ ಹಬ್ಬಿತು. ನಮ್ಮ ರಾಜ್ಯದಲ್ಲಿ ತಾಲ್ಲೂಕ್ ಆಸ್ಪತ್ರೆಗಳಿಗೆ ಮಂಗಳವಾರ ಸೈಕಿಯಾಟ್ರಿಸ್ಟ್ ಬರೋ 'ಮನೋಚೈತನ್ಯ' ಅಂತಾನೂ ಇದೆ, ಹಳ್ಳಿ ಕಡೆ ಇರೋರು ಅದನ್ನ ವಿಚಾರಿಸಿ.

ಆಸ್ಪತ್ರೇಲಿ ಚೀಟಿ ಮಾಡ್ಸಿ ಬೆಂಚ್ ಮೇಲೆ ಕೂತಾಗಿನ ಅನುಭವ ಹೇಳ್ಲೇಬೇಕು. ಕುಡಿತ ಬಿಡ್ಸೋಕೆ ಬಂದೋರೂ ಅದೇ ಬೆಂಚಲ್ಲಿ. ನನ್ನ ಪಕ್ಕ ನಮ್ಮಪ್ಪನ ವಯಸ್ಸಲ್ಲಿ ನಮ್ಮಪ್ಪ ಇದ್ದಂಗೇ ಒಬ್ಬರು, ಕೈ ನಡುಗ್ತಾ ಇದೆ, ಹೆಂಡತಿ ಆ ಕಡೆ, ಮಧ್ಯ ಸ್ಕೂಲ್ ಯೂನಿಫಾರ್ಮಲ್ಲಿ ಏಳೆಂಟು ವರ್ಷದ ಹುಡುಗ. ಆ ಹುಡುಗ ಆಟ ಆಡ್ತಾ ಇಲ್ಲ, ಮೊಬೈಲ್ ಕೇಳ್ತಾ ಇಲ್ಲ, ಅಪ್ಪನ ಕೈನೇ ನೋಡ್ತಾ ಕೂತಿದಾನೆ. ನನಗೆ ಎದ್ದು ಹೊರಟು ಹೋಗೋಣ ಅನ್ನಿಸ್ತು. ಆದ್ರೆ ಆ ತಾಯಿ ಗಂಡನ ಜೊತೆ ಹುಡುಗನ್ನೂ ಕರ್ಕೊಂಡು ಒಳಗೆ ಹೋದ್ರು, ಬಂದ ಮೇಲೆ ಹುಡುಗನ ಕೈಲಿ ಒಂದು ಡ್ರಾಯಿಂಗ್ ಶೀಟ್ ಇತ್ತು, ಒಳಗೆ ಅವನನ್ನೂ ಮಾತಾಡಿಸಿದಾರೆ. ನಮ್ಮ ಕಾಲದಲ್ಲಿ ಅಪ್ಪನಿಗೆ ಮಾತ್ರೆ ಕೊಡ್ಸೋರೂ ಇರಲಿಲ್ಲ, ಮಗನ್ನ ಕೇಳೋರೂ ಇರಲಿಲ್ಲ. ಈ ವಿಭಾಗಕ್ಕೆ ನಾನು ಐದಕ್ಕೆ ಐದು ಕೊಡೋಕೆ ಆ ಒಂದು ಹಾಳೆ ಸಾಕು.

ನನಗೆ ಸಿಕ್ಕಿದ ಸೈಕಾಲಜಿಸ್ಟ್ ಮೇಡಂ ಮೊದಲ ದಿನ ಅಪ್ಪನ ವಿಷಯಾನೇ ತೆಗೀಲಿಲ್ಲ. ಬೆಳಗ್ಗೆ ಎದ್ದಾಗಿಂದ ಮಲಗೋ ತನಕ ದಿನ ಹೆಂಗೆ ಹೋಗತ್ತೆ ಅಂತ ಕೇಳಿದ್ರು. ಒಂದು ನೋಟ್‌ಬುಕ್ ತಗೊಂಡು ನಾಲ್ಕು ಗೆರೆ ಎಳೆದು ಕೊಟ್ರು: ಎಷ್ಟೊತ್ತಿಗೆ ಆಯ್ತು, ಏನು ಸದ್ದು ಅಥವಾ ಮಾತು, ಮೈಯಲ್ಲಿ ಎಲ್ಲಿ ಹಿಡೀತು, ಎಷ್ಟೊತ್ತು ಇತ್ತು. ಬರೀತಾ ಹೋದ ಮೇಲೆ ಗೊತ್ತಾಯ್ತು, ನನ್ನ ಬಾಯಿ ಕಟ್ಟೋದಕ್ಕೆ ಮುಂಚೆ ಪ್ರತಿ ಸಲ ಹೊಟ್ಟೆ ಬಿಗಿಯತ್ತೆ, ಅವೆರಡರ ಮಧ್ಯ ಸ್ವಲ್ಪ ಹೊತ್ತು ಇರತ್ತೆ. ಆ ಸ್ವಲ್ಪ ಹೊತ್ತೇ ನಮಗೆ ಬೇಕಾಗಿರೋದು ಅಂದ್ರು ಮೇಡಂ. ಆಗ ಎರಡೂ ಪಾದ ನೆಲಕ್ಕೆ ಒತ್ತಿ, ಉಸಿರು ನಿಧಾನಕ್ಕೆ ಬಿಟ್ಟು, ಹೆಂಡತಿಗೆ 'ನನಗೆ ಹತ್ತು ನಿಮಿಷ ಬೇಕು, ಆಮೇಲೆ ಮಾತಾಡೋಣ' ಅಷ್ಟು ಹೇಳೋದು. ಇದು ಭಯ ಅಲ್ಲ ಹೇಡಿತನ ಅಲ್ಲ, ಆ ಮನೇಲಿ ನಿಮ್ಮನ್ನ ಉಳಿಸಿದ ಕಸುಬು, ಈಗ ಆ ಮನೆ ಇಲ್ಲ ಅಂತ ಮೈಗೆ ಇನ್ನೂ ಗೊತ್ತಾಗಿಲ್ಲ ಅಂತ ವಿವರಿಸಿದ್ರು. ಪದೇ ಪದೇ ಅಪಾಯ ಕಾದುಕೊಂಡೇ ಬೆಳೆದ ಮಕ್ಕಳ ಮಿದುಳು ಸಣ್ಣ ಸದ್ದಿಗೂ ಬೇಗ ಎಚ್ಚೆತ್ಕೊಳತ್ತೆ, ಕಾರ್ಟಿಸಾಲ್ ಥರದ ಒತ್ತಡದ ಹಾರ್ಮೋನುಗಳ ಏರಿಳಿತ ಬದಲಾಗತ್ತೆ ಅಂತ ಹಾಳೆ ಮೇಲೆ ಚಿತ್ರ ಬರೆದು ತೋರಿಸಿದ್ರು.

ಮುಂದಿನ ಸಲ ಕೇಳಿದ್ರು, 'ಅಂಥ ರಾತ್ರಿ ನಿಮ್ಮ ಜೊತೆ ಯಾರಿದ್ರು?' ಆ್ಯಪ್ ಕೇಳದೇ ಇದ್ದ ಪ್ರಶ್ನೆ ಇದು, ನನ್ನ ಪ್ರಕಾರ ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಯಾರೂ ಇಲ್ಲ ಅಂದೆ ಮೊದ್ಲು. ಆಮೇಲೆ ಎದುರು ಮನೆ ಟೈಲರ್ ಅಕ್ಕ ನೆನಪಾದ್ರು. ನಮ್ಮನೇಲಿ ಗಲಾಟೆ ಶುರುವಾದ್ರೆ ತಂಗೀನ ಎಳ್ಕೊಂಡು ಅವರ ಮನೆಗೆ ಓಡೋದು, ಅವರು ಒಂದು ಮಾತೂ ಕೇಳ್ತಿರಲಿಲ್ಲ, ಮಿಷನ್ ತುಳಿಯೋದನ್ನ ನಿಲ್ಲಿಸ್ತಾನೂ ಇರಲಿಲ್ಲ, ಪೌಡರ್ ಡಬ್ಬಿ ಮುಂದೆ ಸರಿಸಿ 'ಹುಕ್ಸೆಲ್ಲ ಕಲಸಿ ಹೋಗಿದೆ, ಗಂಡು ಬೇರೆ ಹೆಣ್ಣು ಬೇರೆ ಮಾಡ್ರೋ' ಅನ್ನೋರು. ನಾವು ರವಿಕೆ ಹುಕ್ಸು ಆರಿಸ್ತಾ ಕೂರೋದು, ಆ ಮಿಷನ್ ಸದ್ದಲ್ಲಿ ನಮ್ಮನೆ ಸದ್ದು ಕೇಳ್ತಿರಲಿಲ್ಲ. ಇದನ್ನ ಹೇಳ್ತಾ ನಾನು ಅತ್ತೆ, ಅಪ್ಪ ಹೊಡೆದಿದ್ದು ಹೇಳ್ವಾಗ ಅತ್ತಿರಲಿಲ್ಲ.

ಮೇಡಂ ಆಗ ಹವಾಯಿಯ ಕವಾಯಿ ದ್ವೀಪದ ಅಧ್ಯಯನದ ಬಗ್ಗೆ ಹೇಳಿದ್ರು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನ ಎಮ್ಮಿ ವರ್ನರ್ ಅನ್ನೋರು ನಡುವಯಸ್ಸಿನ ತನಕ ಬೆನ್ನು ಹತ್ತಿದ್ರು. ಬಡತನ, ಕುಡಿತ, ಜಗಳ ಎಲ್ಲ ಕೂಡಿ ಬಂದಿದ್ದ ಮನೆಗಳ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಚೆನ್ನಾಗೇ ಬಾಳೋ ದೊಡ್ಡೋರಾದ್ರು. ಅವರಲ್ಲಿ ಎದ್ದು ಕಾಣ್ತಿದ್ದ ಒಂದು ವಿಷಯ, ತಂದೆ ತಾಯಿ ಆಗದಿದ್ರೂ ಅಜ್ಜಿನೋ ಮೇಷ್ಟ್ರೋ ಪಕ್ಕದ ಮನೆಯೋರೋ, ನಂಬೋಕೆ ಒಬ್ಬ ದೊಡ್ಡ ಮನುಷ್ಯ ಇದ್ದಿದ್ದು. ಹಾಗೇ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಶ್ರಮದ 136 ಮಕ್ಕಳ ಅಧ್ಯಯನ ಇದೆ, ಅರ್ಧ ಮಕ್ಕಳನ್ನ ಸಾಕು ಮನೆಗಳಿಗೆ ಕಳಿಸಿದ್ರು, ಎರಡು ವರ್ಷ ತುಂಬೋದ್ರೊಳಗೆ ಮನೆ ಸಿಕ್ಕಿದೋರು ಅಂಟಿಕೊಂಡು ಪ್ರೀತಿ ಮಾಡೋದನ್ನ ಬಹಳ ಚೆನ್ನಾಗಿ ಕಲಿತ್ರು. ಬೇಗ ಸಿಕ್ಕಷ್ಟೂ ಒಳ್ಳೇದು. ಆದ್ರೆ ತಡವಾಗಿ ಸಿಕ್ಕಿದ್ದು ವ್ಯರ್ಥ ಅಂತ ನನ್ನ ಅನುಭವ ಹೇಳಲ್ಲ, ನನಗೆ ಹೆಂಡತಿ ಸಿಕ್ಕಿದ್ದು ಇಪ್ಪತ್ತೆಂಟಕ್ಕೆ.

ಅಪ್ಪನ ವಿಷಯ ಬಂದಿದ್ದು ಎಷ್ಟೋ ವಾರ ಆದ್ಮೇಲೆ. ಅಪ್ಪನ ಬಾಲ್ಯ ಹೆಂಗಿತ್ತು ಅಂತ ಕೇಳಿದ್ರು, ನನಗೆ ಗೊತ್ತಿರಲಿಲ್ಲ, ಊರಿಗೆ ಹೋಗಿ ಚಿಕ್ಕಪ್ಪನ್ನ ಕೇಳ್ಕೊಂಡು ಬಂದೆ. ಒಂಬತ್ತನೇ ವಯಸ್ಸಿಗೆ ಅಪ್ಪನ್ನ ಜೀತಕ್ಕೆ ಬಿಟ್ಟಿದ್ರಂತೆ, ಜೀತ ಕಾನೂನುಪ್ರಕಾರ ಹೋಗಿದ್ದು 1976ರಲ್ಲಿ, ಅಪ್ಪನ ಬಾಲ್ಯ ಅಷ್ಟೊತ್ತಿಗೆ ಮುಗಿದಿತ್ತು. ದನದ ಕೊಟ್ಟಿಗೇಲಿ ಮಲಗೋನು, ಹಬ್ಬಕ್ಕೂ ಮನೆಗೆ ಬಿಡ್ತಿರಲಿಲ್ಲ ಅಂದ್ರು ಚಿಕ್ಕಪ್ಪ. ಇದು ಕೇಳಿದ ಮೇಲೆ ಸಿಟ್ಟೆಲ್ಲ ಕರಗಿಹೋಯ್ತು ಅಂತ ಬರೆದ್ರೆ ಸುಳ್ಳಾಗತ್ತೆ. ಅವ್ವನ ಕೈ ಮುರಿದಿದ್ದು ಇನ್ನೂ ಮುರಿದಿದ್ದೇ. ಮೇಡಂ ಕೂಡ ಕ್ಷಮಿಸಿಬಿಡಿ ಅಂತ ಒಂದು ಸಲಾನೂ ಹೇಳ್ಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ. ನಮ್ಮ ಕಡೆ ಯಾರ ಹತ್ರ ಹೋದ್ರೂ 'ಹೆತ್ತ ತಂದೆ, ಹೋಗ್ಲಿ ಬಿಡು' ಅಂತ ಅಲ್ಲೇ ಬಾಯಿ ಮುಚ್ಚಿಸ್ತಾರೆ. ಇಲ್ಲಿ ಎರಡನ್ನೂ ಇಟ್ಕೊಳೋಕೆ ಜಾಗ ಕೊಟ್ರು, ಅವರಿಗಾದ ಅನ್ಯಾಯಾನೂ ನಿಜ, ಅವರು ಮಾಡಿದ ಅನ್ಯಾಯಾನೂ ನಿಜ.

ಈಗ ಹೆಂಗಿದೀನಿ ಅಂದ್ರೆ, ಕೀ ಸದ್ದಿಗೆ ಹೊಟ್ಟೆ ಈಗಲೂ ಬಿಗಿಯತ್ತೆ, ಆದ್ರೆ ಮಾತು ನಿಲ್ಲಲ್ಲ. ಎರಡು ದಿನದ ಮೌನ ಈಗ ಹತ್ತಿಪ್ಪತ್ತು ನಿಮಿಷಕ್ಕೆ ಬಂದಿದೆ. ಮ್ಯಾನೇಜರ್ ಮೆಸೇಜಿನ ಭಯ ಹಂಗೇ ಇದೆ, ಅದರ ಮೇಲೆ ಇನ್ನೂ ಕೆಲಸ ನಡೀತಾ ಇದೆ.

ಆಸ್ಪತ್ರೇಲಿ ಕಷ್ಟಗಳೂ ಇವೆ. ರಶ್ ಜಾಸ್ತಿ, ಬೆಳಗ್ಗೆ ಹೋದ್ರೆ ಮಧ್ಯಾಹ್ನ ಆಗತ್ತೆ, ಕೆಲಸಕ್ಕೆ ಅರ್ಧ ದಿನ ರಜೆ ಹಾಕ್ಲೇಬೇಕು. ರೂಮಿನ ಬಾಗಿಲು ಸರಿಯಾಗಿ ಹಾಕಲ್ಲ, ಅಟೆಂಡರ್ ಮಧ್ಯ ಮಧ್ಯ ಬರ್ತಾರೆ, ಹೊರಗೆ ಹೆಸರು ಕೂಗಿ ಕರೀತಾರೆ, ಪರಿಚಯದೋರು ನೋಡ್ತಾರೆ ಅನ್ನೋ ಸಂಕೋಚ ಇದ್ದೋರಿಗೆ ಇದು ದೊಡ್ಡ ವಿಷಯ, ಇಲಾಖೆಯೋರು ಇಷ್ಟನ್ನ ಸರಿ ಮಾಡಿದ್ರೆ ಎಷ್ಟೋ ಜನ ಧೈರ್ಯವಾಗಿ ಬರ್ತಾರೆ. ಎಲ್ಲ ಜಿಲ್ಲೇಲೂ ಸೈಕಾಲಜಿಸ್ಟ್ ಪೋಸ್ಟ್ ತುಂಬಿರತ್ತೆ ಅಂತ ಹೇಳೋಕಾಗಲ್ಲ, ಹೋಗೋಕೆ ಮುಂಚೆ ವಿಚಾರಿಸಿ. ನನಗೆ ಮಾತ್ರೆ ಬೇಕಾಗಲಿಲ್ಲ, ಬೇಕಾದೋರಿಗೆ ಅಲ್ಲೇ ಸೈಕಿಯಾಟ್ರಿಸ್ಟ್ ಇರ್ತಾರೆ, ಮಾತ್ರೆಯಿಂದ ನಿದ್ದೆ ಬಂದು ಜೀವ ಬಂತು ಅಂದೋರನ್ನೂ ಅದೇ ಬೆಂಚಲ್ಲಿ ನೋಡಿದೀನಿ. ಸಾಯೋ ಯೋಚನೆ ಬರ್ತಾ ಇದ್ರೆ ಮಾತ್ರ ಈ ರಿವ್ಯೂ, ಹೋಲಿಕೆ ಏನೂ ಬೇಡ, ಈಗಲೇ 14416 ಒತ್ತಿ, ಇಲ್ಲಾಂದ್ರೆ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಸ್ಟಾರ್ ಲೆಕ್ಕ ಕೇಳೋರಿಗೆ: ಆ್ಯಪ್‌ಗೆ ಒಂದು, 14416ಕ್ಕೆ ಐದು, ಜಿಲ್ಲಾಸ್ಪತ್ರೇಲಿ ಕೆಲಸಕ್ಕೆ ಐದು, ವ್ಯವಸ್ಥೆಗೆ ಮೂರು. ಮೊದಲ ಸಲ ಹೋಗೋರು ಆಧಾರ್ ಇಟ್ಕೊಳ್ಳಿ, ಚೀಟಿ ಕೌಂಟರ್ ತೆಗೆಯೋ ಹೊತ್ತಿಗೇ ಇರಿ, ಡೀ-ಅಡಿಕ್ಷನ್‌ಗಾ ಕೌನ್ಸೆಲಿಂಗ್‌ಗಾ ಅಂತ ಮೊದ್ಲೇ ಹೇಳಿದ್ರೆ ಸುಮ್ನೆ ಕ್ಯೂ ಬದಲಾಯಿಸೋದು ತಪ್ಪತ್ತೆ. ನನ್ನ ತಂಗಿ ಹುಬ್ಬಳ್ಳೀಲಿದಾಳೆ, ಇಷ್ಟು ವರ್ಷ ಬೇಡ ಅಂತಿದ್ದೋಳು ಈಗ ಹೋಗ್ತೀನಿ ಅಂತಿದಾಳೆ, ಅವಳಿಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಹತ್ರ. ಅಲ್ಲಿ ಕೌನ್ಸೆಲಿಂಗ್‌ಗೆ ಅಂತ ಹೋಗಿ ಬಂದೋರು ಯಾರಾದ್ರೂ ಇದ್ರೆ ಯಾವ ದಿನ ಹೋದ್ರೆ ಒಳ್ಳೇದು, ಹೆಣ್ಣುಮಕ್ಕಳ ಹತ್ರಾನೇ ಮಾತಾಡ್ಬೇಕು ಅಂದ್ರೆ ಯಾರನ್ನ ಕೇಳ್ಬೇಕು ಅಂತ ತಿಳಿಸಿ.